ಇಳಿಜಾರಿನ ಲೆಕ್ಕ

ಈರೋಡಿನ ಶೋರೂಮಿನಲ್ಲಿ ಇಳಂಪರಿದಿ ಎಂಬ ಹುಡುಗ
ಟೈ ಸರಿಮಾಡಿಕೊಳ್ಳುತ್ತ ಹದಿನೇಳು ಅಂದ.
ಲೀಟರಿಗೆ ಹದಿನೇಳು, ಅಕ್ಕಾ, ಕಂಪನಿಯೇ ಬರೆದುಕೊಟ್ಟಿದೆ.
ನಾನು ಚೀಲದಿಂದ ನೋಟ್‌ಬುಕ್ ತೆಗೆದೆ.

ತಾಳವಾಡಿಯಲ್ಲಿ ಪಿಕಪ್ ಓಡಿಸುವುದು ಅಣ್ಣ ಜಡೆಮಾದ, ಬರೆಯುವುದು ನಾನು.
ಬಂಕಿನವನು ತಮಿಳಲ್ಲಿ ಕೂಗಿದ್ದನ್ನು
ಕನ್ನಡದ ಅಂಕಿಯಲ್ಲಿ ಇಳಿಸುತ್ತೇನೆ:
ಕುತ್ತಿಗೆಮಟ್ಟ ತುಂಬಿಸಿದಲ್ಲಿಂದ ಮತ್ತೆ ಕುತ್ತಿಗೆಮಟ್ಟ ತುಂಬಿಸುವ ತನಕ
ಎಷ್ಟು ಓಡಿತು, ಎಷ್ಟು ಕುಡಿಯಿತು.
ಒಂಬತ್ತು ವರ್ಷ, ಮೂರು ನೋಟ್‌ಬುಕ್ಕು,
ಹದಿನೇಳು ಎಲ್ಲೂ ಇಲ್ಲ.
ಹನ್ನೆರಡೂಮುಕ್ಕಾಲು ಇದೆ. ಆಯುಧಪೂಜೆಯ ವಾರ,
ಚೆಂಡುಹೂವಿನ ಮೇಲೆ ಚೆಂಡುಹೂವು ಪೇರಿಸಿದ್ದಾಗ, ಹನ್ನೊಂದಿದೆ.
ಒಂದು ಸಾಲು ಹೀಗಿದೆ:
ಕಾರಪಳ್ಳಂ ಚೆಕ್‌ಪೋಸ್ಟು, ಮುಕ್ಕಾಲು ಗಂಟೆ,
ಎಂಜಿನ್ ಆರಿಸುವ ಧೈರ್ಯವಾಗಲಿಲ್ಲ, ಅರ್ಧ ಲೀಟರು.
ಅದನ್ನು ಆನೆಯ ಹೆಸರಿಗೆ ಬರೆದಿದ್ದೇನೆ.

ಎಂಜಿನ್ನನ್ನೂ ಹಾಲಿನಂತೆ ಲೀಟರಿನಲ್ಲೇ ಅಳೆಯುತ್ತಾರೆ.
ಒಂದೂವರೆಯದು, ಎರಡೂವರೆಯದು.
ಗ್ಯಾಸಿನದು ತಕ್ಕೊಳವ್ವ, ಅಂದಿದ್ದ ಮಂಡಿಯ ರಾಚಪ್ಪ.
ಗ್ಯಾಸು ತುಂಬಿಸಲು ಘಾಟಿ ಇಳಿಯಬೇಕು,
ಘಾಟಿ ಇಳಿಯಲು ಗ್ಯಾಸು ಬೇಕು.
ಚಿಕ್ಕದು ಸಾಕು ಬುಡು, ಅಂದಿದ್ದ ಮೆಕ್ಯಾನಿಕ್ ದೊರೆಕಣ್ಣು,
ಹತ್ತೋವಾಗ ನಿಮ್ಮ ಗಾಡಿ ಖಾಲಿ,
ಖಾಲಿ ಗಾಡಿಗೆ ಯಾಕೆ ಅಷ್ಟು ದಮ್ಮು?

ನಿಜ. ಬೇರೆ ಊರುಗಳಲ್ಲಿ ಭಾರ ಗುಡ್ಡ ಹತ್ತುತ್ತದೆ.
ನಮ್ಮೂರು ಗುಡ್ಡದ ಮೇಲೇ ಕೂತಿದೆ, ಭಾರ ಇಳಿಯುತ್ತದೆ.
ಒಂದೂಮುಕ್ಕಾಲು ಟನ್ನು ಎಲೆಕೋಸು
ದಿಂಬಂ ಘಾಟಿಯ ಇಪ್ಪತ್ತೇಳನೆಯ ತಿರುವಿನಿಂದ ಶುರುವಾಗಿ
ಬಣ್ಣಾರಿ ಕಡೆಯ ಒಂದನೆಯದಕ್ಕೆ,
ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸಿದ ಹಾಗೆ.

ಚಿಕ್ಕಪ್ಪ ಮಾರಶೆಟ್ಟಿ ದಿಂಬಂ ದಾಟಿದ ಕೂಡಲೇ
ಗೇರು ಬಿಟ್ಟು ನ್ಯೂಟ್ರಲ್ಲಿಗೆ ತರುತ್ತಿದ್ದ.
ಇಳಿಜಾರಲ್ಲೂ ಡೀಸೆಲ್ ಸುಡೋನು ದಡ್ಡ ಕಣ್ಲಾ, ಅನ್ನುತ್ತಿದ್ದ.
ಒಂಬತ್ತನೆಯ ತಿರುವಿನಲ್ಲಿ ಬ್ರೇಕು ಹೊಗೆಯಾಯಿತು.
ಎಲೆಕೋಸು ಆರನೆಯದರ ತನಕ ಉರುಳಿದ್ದವಂತೆ.
ಕ್ರೇನಿನಲ್ಲಿ ಎತ್ತಿ ತಂದ ಗಾಡಿ ನಮ್ಮ ಹಿತ್ತಲಲ್ಲಿ ನಿಂತಿತ್ತು.
ಎಲ್ಲರೂ ಹನ್ನೊಂದನೆಯ ದಿನದ ಅಡುಗೆಯ ಮಾತಿನಲ್ಲಿದ್ದಾಗ
ಟ್ಯಾಂಕಿನಲ್ಲಿ ಉಳಿದದ್ದನ್ನು ಹಾಲಿನ ಅಳತೆಯಲ್ಲಿ ಅಳೆದೆ.
ಅವತ್ತಿನ ಮೈಲೇಜು ಇಪ್ಪತ್ತೆರಡು.
ಆಮೇಲೆ ಆ ಅಳತೆಯಲ್ಲಿ ಹಾಲು ಅಳೆಯಲಿಲ್ಲ.

ಇಳಿಯುವಾಗ ಎಷ್ಟು ತಡೆಯುತ್ತದೆ, ತಮ್ಮಾ?
ಇಳಂಪರಿದಿ ಬಣ್ಣದ ಹಾಳೆಯನ್ನು ಆಚೀಚೆ ತಿರುಗಿಸಿದ.
ಕುದುರೆಬಲವಿತ್ತು, ಟಾರ್ಕ್ ಇತ್ತು,
ಮ್ಯೂಸಿಕ್ ಸಿಸ್ಟಮ್ಮಿಗೂ ಒಂದು ಸಾಲಿತ್ತು.
ತಡೆಯುವುದಕ್ಕೆ ಇರಲಿಲ್ಲ.
ಸರ್ವೀಸಿನ ಕಡೆಯಿಂದ ಕೈ ಒರೆಸುತ್ತ ಬಂದ ಮುದುಕನೊಬ್ಬ,
ಅಮ್ಮಾ, ದೊಡ್ಡದು ಹಿಡೀತದೆ, ಅಂದ.
ಎರಡನೇ ಗೇರು, ಕಾಲು ತೆಗೀರಿ.
ಆಗ ಅದು ತೊಟ್ಟೂ ಕುಡಿಯೋದಿಲ್ಲ,
ಬರೀ ಗಾಳಿ ಒತ್ತಿಕೊಂಡು ಗಾಡೀನ ಜಗ್ಗಿ ನಿಲ್ಲಿಸ್ತದೆ.
ಚಿಕ್ಕದೂ ಹಿಡೀತದೆ, ಆದರೆ ನಿಮ್ಮ ಭಾರ ಅದರ ಮಾತು ಕೇಳಬೇಕಲ್ಲ.

ಎರಡೂವರೆಯದಕ್ಕೇ ಮುಂಗಡ ಕೊಟ್ಟೆವು.
ಅಣ್ಣ ದಾರಿಯುದ್ದಕ್ಕೂ ಗೊಣಗಿದ,
ತಿಂಗಳಿಗೆ ಸಾವಿರದ ಚಿಲ್ಲರೆ ಹೆಚ್ಚು, ನಿನ್ನ ಲೆಕ್ಕ ನಿನಗೆ.
ರಾಚಪ್ಪ ಇನ್ನೂ ನಗುತ್ತಾನೆ.

ಈಗ ನಾಲ್ಕನೆಯ ನೋಟ್‌ಬುಕ್ಕು.
ಬಣ್ಣಾರಿ ತಲುಪಿದ ಮೇಲೆ ಅಣ್ಣ ಫೋನು ಮಾಡುತ್ತಾನೆ,
ಬೈಯುತ್ತಲೇ ಕೆಳಗಿಳಿದು ಚಕ್ರದ ಹತ್ತಿರ ಕೈ ಹಿಡಿಯುತ್ತಾನೆ.
ನಾನು ಕಾಯುತ್ತೇನೆ.
ಹಿಂದೆ ಲಾರಿಗಳ ಸದ್ದು, ಯಾರೋ ಕಡಲೆಕಾಯಿ ಕೂಗುವುದು.
ಕೊನೆಗೆ ಒಂದೇ ಮಾತು ಬರುತ್ತದೆ.
ಅಂಕಿಗಳ ಪಕ್ಕದಲ್ಲಿ ಅದನ್ನೂ ಬರೆಯುತ್ತೇನೆ:
ಹನ್ನೊಂದು ಪಾಯಿಂಟ್ ಆರು. ಬೆಚ್ಚಗೆ.